ಅಮೆರಿಕದ ಮತದಾರ ಮತ್ತು 'ಗೆಲ್ಲುವ ಕುದುರೆ'

2007ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕಪ್ಪು ವರ್ಣೀಯ ಮತದಾರರು ವಿಚಿತ್ರವಾದ ಸಂದಿಗ್ಧದಲ್ಲಿ ಸಿಲುಕಿದ್ದರು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಗಾಗಿ ತಮ್ಮ ಸಮುದಾಯದವರೇ ಆದ ಬರಾಕ್ ಒಬಾಮ ಕಣದಲ್ಲಿದ್ದರು. ಅವರ ಬಗ್ಗೆ ಹೆಮ್ಮೆಯಿತ್ತು, ಪ್ರೀತಿಯಿತ್ತು. ಆದರೂ ಅವರಲ್ಲಿ ಬಹಳಷ್ಟು ಮಂದಿ ಹಿಲರಿ ಕ್ಲಿಂಟನ್ ಅವರ ಕಡೆಗೇ ಒಲಿದಿದ್ದರು ಅಥವಾ ಬಾಯಿ ಬಿಡದೆ ಕಾದು ನೋಡುತ್ತಿದ್ದರು. ಬಿಲ್ ಕ್ಲಿಂಟನ್ ಆಡಳಿತದ ದಿನಗಳ ನೆನಪು ಇದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೊಂದಿತ್ತು: ಈತನಿಗೆ ಬಿಳಿಯರು ಮತ ಹಾಕುತ್ತಾರೆಯೇ?

ಇದರ ಜತೆಗೆ ಬಹಿರಂಗವಾಗಿ ಆಡಲು ಹಿಂಜರಿಯುತ್ತಿದ್ದ ಒಂದು ಭಯವೂ ಬೆರೆತಿತ್ತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯನ್ನು ಕಂಡಿದ್ದ ಹಿರಿಯರು, ಒಬಾಮ ಗೆದ್ದರೆ ಅವರನ್ನು ಬದುಕಲು ಬಿಡುತ್ತಾರೆಯೇ ಎಂದು ಕೇಳುತ್ತಿದ್ದರು. ಮತದಾನಕ್ಕೆ ಎಂಟು ತಿಂಗಳು ಇರುವಾಗಲೇ, 2007ರ ಮೇ ತಿಂಗಳಲ್ಲಿ, ಒಬಾಮ ಅವರಿಗೆ ಸೀಕ್ರೆಟ್ ಸರ್ವಿಸ್ ಭದ್ರತೆ ಒದಗಿಸಲಾಗಿತ್ತು. ಆವರೆಗೆ ಯಾವ ಉಮೇದುವಾರರಿಗೂ ಅಷ್ಟು ಬೇಗನೆ ಈ ರಕ್ಷಣೆ ದೊರೆತಿರಲಿಲ್ಲ. ನವೆಂಬರಿನಲ್ಲಿ ಸೌತ್ ಕೆರೊಲಿನಾದ ಆರೆಂಜ್‌ಬರ್ಗ್‌ನಲ್ಲಿ ಮಾತನಾಡಿದ ಮಿಷೆಲ್ ಒಬಾಮ ಈ ಅಂಜಿಕೆಯನ್ನೇ ನೇರವಾಗಿ ಎತ್ತಿಕೊಂಡು ಸಮಾಧಾನ ಹೇಳಬೇಕಾಯಿತು.

2008ರ ಜನವರಿ 3ರಂದು, ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಯೋವಾ ರಾಜ್ಯದಲ್ಲಿ ಒಬಾಮ ಸುಮಾರು ಶೇ. 38 ಬೆಂಬಲದೊಂದಿಗೆ ಗೆದ್ದರು. ಜಾನ್ ಎಡ್ವರ್ಡ್ಸ್ ಎರಡನೇ ಸ್ಥಾನಕ್ಕೆ, ಹಿಲರಿ ಕೂದಲೆಳೆಯ ಅಂತರದಲ್ಲಿ ಮೂರನೇ ಸ್ಥಾನಕ್ಕೆ ಸರಿದರು. ಅಯೋವಾದ ಜನಸಂಖ್ಯೆಯಲ್ಲಿ ಬಿಳಿಯರ ಪ್ರಮಾಣ ಆಗ ಶೇ. 90ಕ್ಕೂ ಹೆಚ್ಚು. ಮೂರು ವಾರಗಳ ನಂತರ, ಜನವರಿ 26ರಂದು ಸೌತ್ ಕೆರೊಲಿನಾ ಮತ ಚಲಾಯಿಸಿದಾಗ ಒಬಾಮ ಅವರಿಗೆ ಶೇ. 55, ಹಿಲರಿ ಅವರಿಗೆ ಶೇ. 27 ಮತ ಬಂದವು. ಅಲ್ಲೇ ಹುಟ್ಟಿದ, 2004ರಲ್ಲಿ ಆ ರಾಜ್ಯವನ್ನು ಗೆದ್ದಿದ್ದ ಎಡ್ವರ್ಡ್ಸ್ ಶೇ. 18ಕ್ಕೆ ತೃಪ್ತರಾಗಬೇಕಾಯಿತು. ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಕಪ್ಪು ವರ್ಣೀಯರಲ್ಲಿ ಐವರಲ್ಲಿ ಸುಮಾರು ನಾಲ್ವರು ಒಬಾಮ ಕಡೆಗಿದ್ದರು. ಈ ಮೂರು ವಾರಗಳಲ್ಲಿ ಒಬಾಮ ಅವರ ನೀತಿಯಾಗಲಿ, ಮಾತಾಗಲಿ, ಮುಖವಾಗಲಿ ಬದಲಾಗಿರಲಿಲ್ಲ. ಬದಲಾದದ್ದು, ಪರರ ಮನಸ್ಸಿನ ಬಗ್ಗೆ ಈ ಮತದಾರರಿಗಿದ್ದ ಅಂದಾಜು.

ಅಮೆರಿಕದ ಪ್ರಾಥಮಿಕ ಚುನಾವಣೆಗಳಲ್ಲಿ ಮತದಾರನ ಧೋರಣೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಪ್ರಾಥಮಿಕ ಚುನಾವಣೆ ಒಂದೇ ಪಕ್ಷದೊಳಗಿನ ಸ್ಪರ್ಧೆ. ಕಣದಲ್ಲಿರುವವರ ನೀತಿಗಳ ನಡುವೆ ಅಂತರ ಕಡಿಮೆ. ಪಕ್ಷದ ಚಿಹ್ನೆ ನೋಡಿ ಮುದ್ರೆ ಒತ್ತುವ ಅಭ್ಯಾಸಕ್ಕೆ ಇಲ್ಲಿ ಕೆಲಸವಿಲ್ಲ. ಹೀಗಾಗಿ ಮತದಾರ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಳ್ಳುತ್ತಾನೆ. ನನಗೆ ಯಾರು ಇಷ್ಟ? ನವೆಂಬರಿನಲ್ಲಿ ಎದುರಾಳಿ ಪಕ್ಷವನ್ನು ಸೋಲಿಸಬಲ್ಲವರು ಯಾರು? ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ಆತ ತನ್ನ ಮನಸ್ಸನ್ನು ಬಿಟ್ಟು ನೆರೆಹೊರೆಯವರ, ಪಕ್ಕದ ರಾಜ್ಯದವರ, ತಾನು ಎಂದೂ ಕಾಣದವರ ಮನಸ್ಸನ್ನು ಊಹಿಸತೊಡಗುತ್ತಾನೆ. ನಮ್ಮಲ್ಲಿ ಟಿಕೆಟ್ ಹಂಚಿಕೆಯ ಕಾಲಕ್ಕೆ 'ಗೆಲ್ಲುವ ಕುದುರೆ' ಎಂಬ ಮಾತು ಕೇಳಿಬರುತ್ತದೆಯಷ್ಟೆ. ಆ ಕುದುರೆಯನ್ನು ಗುರುತಿಸುವ ಹೊಣೆ ನಮ್ಮಲ್ಲಿ ಹೈಕಮಾಂಡಿನದು. ಅಮೆರಿಕದಲ್ಲಿ ಆ ಹೊಣೆ ಮತದಾರನ ಹೆಗಲ ಮೇಲೇ ಬಿದ್ದಿದೆ.

<b>ನಾಯಕರ ಕೈಯಿಂದ ಮತದಾರರ ಕೈಗೆ</b>

ಈ ಹೊಣೆ ಮೊದಲಿನಿಂದಲೂ ಮತದಾರನದಾಗಿರಲಿಲ್ಲ. 1960ರ ದಶಕದವರೆಗೆ ಕೆಲವೇ ರಾಜ್ಯಗಳಲ್ಲಿ ಪ್ರಾಥಮಿಕ ಚುನಾವಣೆ ನಡೆಯುತ್ತಿತ್ತು. ಉಮೇದುವಾರರನ್ನು ತೀರ್ಮಾನಿಸುತ್ತಿದ್ದವರು ಪಕ್ಷದ ಪ್ರಾದೇಶಿಕ ಧುರೀಣರು. ಹಾಗಿದ್ದೂ ಚುನಾವಣೆಗಳಿಗೆ ಒಂದು ಉಪಯೋಗವಿತ್ತು. 1960ರಲ್ಲಿ ಜಾನ್ ಎಫ್. ಕೆನಡಿ ಕಣಕ್ಕಿಳಿದಾಗ ಅವರು ಕ್ಯಾಥೊಲಿಕ್ ಪಂಥದವರೆಂಬುದೇ ದೊಡ್ಡ ಅಡ್ಡಿಯಾಗಿತ್ತು. 1928ರಲ್ಲಿ ಕ್ಯಾಥೊಲಿಕ್ ಆದ ಆಲ್ ಸ್ಮಿತ್ ಅವರನ್ನು ನಿಲ್ಲಿಸಿ ಪಕ್ಷ ಹೀನಾಯವಾಗಿ ಸೋತಿತ್ತು. ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆನಡಿ ಗೆದ್ದರೂ ಅದು ಕ್ಯಾಥೊಲಿಕ್ ಪ್ರದೇಶಗಳ ಮತವೆಂದು ಧುರೀಣರು ಮೂಗು ಮುರಿದರು. ಆಗ ಕೆನಡಿ ಆರಿಸಿಕೊಂಡದ್ದು ಬಹುತೇಕ ಎಲ್ಲರೂ ಪ್ರೊಟೆಸ್ಟೆಂಟರೇ ಆಗಿದ್ದ ವೆಸ್ಟ್ ವರ್ಜೀನಿಯಾವನ್ನು. 1960ರ ಮೇ 10ರಂದು ಅಲ್ಲಿನ ಗಣಿ ಕಾರ್ಮಿಕರೂ ಬಡ ರೈತರೂ ಅವರಿಗೆ ಸುಮಾರು ಶೇ. 61 ಮತ ನೀಡಿದರು. ಎದುರಾಳಿ ಹ್ಯೂಬರ್ಟ್ ಹಂಫ್ರಿ ಅಂದೇ ರಾತ್ರಿ ಕಣದಿಂದ ಹಿಂದೆ ಸರಿದರು. ವೆಸ್ಟ್ ವರ್ಜೀನಿಯಾದಿಂದ ಬಂದ ಪ್ರತಿನಿಧಿಗಳ ಸಂಖ್ಯೆ ಅಲ್ಪವೇ. ಆದರೆ ಪ್ರೊಟೆಸ್ಟೆಂಟರು ಕೆನಡಿಗೆ ಮತ ಹಾಕುತ್ತಾರೆ ಎಂಬ ಪುರಾವೆ ಧುರೀಣರ ಕೈಗೆ ಸಿಕ್ಕಿತು.

1968ರ ಷಿಕಾಗೊ ಮಹಾ ಅಧಿವೇಶನದಲ್ಲಿ ಒಂದೂ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸದ ಅದೇ ಹಂಫ್ರಿ ಅವರಿಗೆ ಡೆಮಾಕ್ರಟಿಕ್ ಪಕ್ಷ ಉಮೇದುವಾರಿಕೆ ನೀಡಿತು. ಹೊರಗೆ ಬೀದಿಯಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಗಳ ಮೇಲೆ ಪೊಲೀಸರ ಲಾಠಿ ಬೀಸುತ್ತಿತ್ತು. ಆ ಅವಮಾನದ ಫಲವಾಗಿ ಮೆಕ್‌ಗವರ್ನ್-ಫ್ರೇಸರ್ ಆಯೋಗ ನೇಮಕಗೊಂಡು, 1972ರಿಂದ ಆಯ್ಕೆಯ ಅಧಿಕಾರ ಸಾಮಾನ್ಯ ಮತದಾರರಿಗೆ ಹಸ್ತಾಂತರವಾಯಿತು. ಅದೇ ವರ್ಷ ಷರ್ಲಿ ಚಿಸಮ್ ಪ್ರಮುಖ ಪಕ್ಷವೊಂದರ ಉಮೇದುವಾರಿಕೆ ಬಯಸಿದ ಮೊದಲ ಕಪ್ಪು ಮಹಿಳೆಯಾದರು. ಧುರೀಣರು ಮಾಡುತ್ತಿದ್ದ ಲೆಕ್ಕಾಚಾರವನ್ನು ಅಂದಿನಿಂದ ಮತದಾರರೇ ಮಾಡುತ್ತಿದ್ದಾರೆ. 1960ರಲ್ಲಿ ವೆಸ್ಟ್ ವರ್ಜೀನಿಯಾದತ್ತ ಕಣ್ಣು ನೆಟ್ಟವರು ಕೆಲವು ಡಜನ್ ನಾಯಕರು. 2008ರಲ್ಲಿ ಅಯೋವಾದತ್ತ ಕಣ್ಣು ನೆಟ್ಟವರು ಲಕ್ಷಾಂತರ ಕಪ್ಪು ಮತದಾರರು.

<b>ನೆರೆಯವರ ಎದುರಿನಲ್ಲೇ ಮತ</b>

ಅಯೋವಾದ ಪದ್ಧತಿಯೂ ಈ ಕಥೆಗೆ ತಕ್ಕುದಾಗಿಯೇ ಇತ್ತು. ಅಲ್ಲಿ ನಡೆಯುತ್ತಿದ್ದುದು ಗುಪ್ತ ಮತದಾನವಲ್ಲ, ಕಾಕಸ್ ಎಂಬ ಸಭೆ. ಜನವರಿಯ ಕೊರೆಯುವ ಚಳಿಯಲ್ಲಿ ಸಂಜೆ ಏಳಕ್ಕೆ ಶಾಲೆಯ ವ್ಯಾಯಾಮಶಾಲೆ, ಚರ್ಚಿನ ಸಭಾಂಗಣ, ಗ್ರಂಥಾಲಯಗಳಲ್ಲಿ ಊರವರು ಸೇರಬೇಕು. ಡೆಮಾಕ್ರಟಿಕ್ ಪಕ್ಷದವರು ತಮ್ಮ ಉಮೇದುವಾರರ ಹೆಸರಿನ ಮೂಲೆಗೆ ಹೋಗಿ ನಿಲ್ಲಬೇಕು, ಎಣಿಕೆ ತಲೆಗಳದು. ಯಾವ ಗುಂಪಿನಲ್ಲಿ ನೆರೆದವರ ಶೇ. 15ರಷ್ಟು ಜನರಿಲ್ಲವೋ ಆ ಗುಂಪು ಸಾಮಾನ್ಯವಾಗಿ ಚದುರಿ ಬೇರೆ ಮೂಲೆ ಹಿಡಿಯಬೇಕಾಗುತ್ತಿತ್ತು. ಆಗ ಶುರುವಾಗುತ್ತಿತ್ತು ಕರೆಯುವ, ಓಲೈಸುವ ಕೆಲಸ. ಪಕ್ಕದ ಮನೆಯಾತ ಎಲ್ಲಿ ನಿಂತಿದ್ದಾನೆ, ಮಕ್ಕಳ ಶಿಕ್ಷಕಿ ಯಾರ ಕಡೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. 2008ರಲ್ಲಿ ಇಂಥ 1,781 ಸಭೆಗಳಿಗೆ ಸುಮಾರು 2.39 ಲಕ್ಷ ಡೆಮಾಕ್ರಾಟರು ಬಂದರು. 2004ಕ್ಕೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಇಮ್ಮಡಿ.

ರಾತ್ರಿ ಪಾಳಿಯ ಕಾರ್ಮಿಕರು, ಪುಟ್ಟ ಮಕ್ಕಳ ತಾಯಂದಿರು, ಕೈಲಾಗದ ವೃದ್ಧರು ಇಂಥ ಸಭೆಗೆ ಬರುವುದು ಕಷ್ಟ ಎಂಬ ಟೀಕೆ ಹಳೆಯದು, ಅದರಲ್ಲಿ ಹುರುಳೂ ಇತ್ತು. ಹಿಲರಿ ಅವರ ಬೆಂಬಲಿಗರಲ್ಲಿ ಇಂಥವರೇ ಹೆಚ್ಚು. ಆ ವರ್ಷ ಕಾಕಸ್ ನಡೆದ ಬಹುತೇಕ ರಾಜ್ಯಗಳು ಒಬಾಮ ಪಾಲಾದವು. ಟೆಕ್ಸಾಸ್‌ನಲ್ಲಂತೂ ಮಾರ್ಚ್ 4ರಂದು ಹಗಲು ಮತದಾನ, ಸಂಜೆ ಕಾಕಸ್ ಎರಡೂ ನಡೆದು, ಮತದಾನವನ್ನು ಹಿಲರಿ ಗೆದ್ದರು, ಕಾಕಸನ್ನು ಒಬಾಮ ಗೆದ್ದರು. ಲೆಕ್ಕ ಹಾಕಿದಾಗ ಹೆಚ್ಚು ಪ್ರತಿನಿಧಿಗಳು ಒಬಾಮ ಅವರಿಗೇ ದಕ್ಕಿದ್ದರು!

<b>ಕೊರಳುಬ್ಬಿದ ಒಂದು ಕ್ಷಣ</b>

ಅಯೋವಾದಿಂದ ಐದೇ ದಿನ ಕಳೆದು ನ್ಯೂ ಹ್ಯಾಂಪ್‌ಶೈರ್ ಮತ ಚಲಾಯಿಸಿತು. ಸಮೀಕ್ಷೆಗಳೆಲ್ಲವೂ ಒಬಾಮ ಗೆಲುವನ್ನು ಸಾರಿದ್ದವು. ಸರಾಸರಿ ಮುನ್ನಡೆ ಶೇ. 8ರ ಆಸುಪಾಸಿನಲ್ಲಿತ್ತು. ಗೆದ್ದವರು ಹಿಲರಿ, ಶೇ. 39ಕ್ಕೆ ಶೇ. 36ರ ಅಂತರದಲ್ಲಿ. ಆಧುನಿಕ ಚುನಾವಣಾ ಸಮೀಕ್ಷೆಗಳ ದೊಡ್ಡ ಮುಖಭಂಗಗಳಲ್ಲಿ ಇದೂ ಒಂದು.

ಮತದಾನಕ್ಕೆ ಮೊದಲು ನಡೆದ ಎರಡು ಪ್ರಸಂಗಗಳನ್ನು ಅಂದಿನ ಪತ್ರಿಕೆಗಳು ಹಿಗ್ಗಾಮುಗ್ಗಾ ಎಳೆದಾಡಿದವು. ಜನವರಿ 5ರ ಚರ್ಚೆಯಲ್ಲಿ, ಜನ ನಿಮಗಿಂತ ಒಬಾಮ ಅವರನ್ನು ಹೆಚ್ಚು ಇಷ್ಟಪಡುತ್ತಾರಲ್ಲ ಎಂದು ಕೇಳಿದಾಗ, ಹಿಲರಿ ತಮಗೆ ನೋವಾಯಿತೆಂದು ತಮಾಷೆಯಾಗಿಯೇ ಹೇಳಿದರು. ಪಕ್ಕದಲ್ಲಿದ್ದ ಒಬಾಮ, ನೀವೂ ಸಾಕಷ್ಟು ಇಷ್ಟವಾಗುವವರೇ ಎಂದು ತಲೆಯೆತ್ತದೆ ಉದ್ಗರಿಸಿದರು. ಆ ಉಡಾಫೆ ಅನೇಕ ಮಹಿಳೆಯರಿಗೆ ಹಿಡಿಸಲಿಲ್ಲ. ಜನವರಿ 7ರಂದು ಪೋರ್ಟ್ಸ್‌ಮತ್‌ನ ಕಾಫಿ ಅಂಗಡಿಯೊಂದರಲ್ಲಿ ಮಹಿಳೆಯೊಬ್ಬರು, ಇದನ್ನೆಲ್ಲ ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದಾಗ ಹಿಲರಿ ಅವರ ಕಣ್ಣು ತೇವವಾಗಿ ದನಿ ಗದ್ಗದವಾಯಿತು. ಕಣ್ಣೀರು ಕೆಳಗುರುಳಲಿಲ್ಲ, ಆದರೂ 'ಹಿಲರಿ ಅತ್ತರು' ಎಂಬುದೇ ದಿನವಿಡೀ ಸುದ್ದಿ. ಅಯೋವಾದಲ್ಲಿ ಮಹಿಳೆಯರ ಮತದಲ್ಲೂ ಒಬಾಮ ಮುಂದಿದ್ದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅದು ತಿರುಗುಮುರುಗಾಗಿ, ಮಹಿಳೆಯರಲ್ಲಿ ಶೇ. 46 ಹಿಲರಿ ಅವರಿಗೆ, ಶೇ. 34 ಒಬಾಮ ಅವರಿಗೆ ಬಂದವು.

ಅಂದಿನ ಇನ್ನೊಂದು ವಾದ 'ಬ್ರ್ಯಾಡ್ಲಿ ಪರಿಣಾಮ'ದ್ದು. 1982ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿದ್ದ ಲಾಸ್ ಏಂಜಲಿಸ್‌ನ ಕಪ್ಪು ಮೇಯರ್ ಟಾಮ್ ಬ್ರ್ಯಾಡ್ಲಿ ಸಮೀಕ್ಷೆಗಳಲ್ಲಿ ಮುಂದಿದ್ದು ಮತಪೆಟ್ಟಿಗೆಯಲ್ಲಿ ಸೋತರು. ಬಿಳಿಯರು ಸಮೀಕ್ಷಕರ ಮುಂದೆ ಸಂಕೋಚದಿಂದ ಸುಳ್ಳು ಹೇಳಿ ಪರದೆಯ ಹಿಂದೆ ಬೇರೆಯೇ ಮತ ಹಾಕುತ್ತಾರೆ ಎಂಬುದು ಆ ವಾದದ ತಿರುಳು. ಅಮೆರಿಕದ ಸಾರ್ವಜನಿಕ ಅಭಿಪ್ರಾಯ ಸಂಶೋಧಕರ ಸಂಘ ಇದನ್ನೆಲ್ಲ ತನಿಖೆ ಮಾಡಿ 2009ರಲ್ಲಿ ವರದಿ ನೀಡಿತು. ಕೊನೆಯ ಗಳಿಗೆಯಲ್ಲಿ ಮನಸ್ಸು ಮಾಡಿದವರು, ದೂರವಾಣಿಗೆ ಸುಲಭವಾಗಿ ಸಿಗದ ಹಿಲರಿ ಬೆಂಬಲಿಗರು, ಮತಪತ್ರದಲ್ಲಿ ಹಿಲರಿ ಹೆಸರು ಮೇಲ್ಭಾಗದಲ್ಲಿಯೂ ಒಬಾಮ ಹೆಸರು ಕೆಳಭಾಗದಲ್ಲಿಯೂ ಇದ್ದದ್ದು, ಹೀಗೆ ಹಲವು ಸಣ್ಣ ಕಾರಣಗಳತ್ತ ವರದಿ ಬೊಟ್ಟು ಮಾಡಿತು. ಕಾಫಿ ಅಂಗಡಿಯ ಪ್ರಸಂಗವೊಂದೇ ಚುನಾವಣೆಯನ್ನು ತಿರುಗಿಸಿತು ಎಂಬ ಕಥೆ ಕೇಳಲು ಚೆನ್ನ, ನಂಬಲು ಕಷ್ಟ.

ಅಂದಿನ ಮತಗಟ್ಟೆ ಸಮೀಕ್ಷೆಗಳು ಕೇಳುತ್ತಿದ್ದ ಒಂದು ಪ್ರಶ್ನೆ ಉಪಯುಕ್ತವಾದುದು. ಬದಲಾವಣೆ ತರಬಲ್ಲವರು, ಅನುಭವ ಉಳ್ಳವರು, ಜನರ ಬಗ್ಗೆ ಕಾಳಜಿ ಇರುವವರು, ನವೆಂಬರಿನಲ್ಲಿ ಗೆಲ್ಲಬಲ್ಲವರು: ಇವುಗಳಲ್ಲಿ ನಿಮಗೆ ಮುಖ್ಯವಾದ ಗುಣ ಯಾವುದು? ಬದಲಾವಣೆ ಎಂದವರೇ ಹೆಚ್ಚು, ಅವರಲ್ಲಿ ಬಹುತೇಕರು ಒಬಾಮ ಪಾಳೆಯದವರು. ಅನುಭವ ಎಂದವರು ಸಾರಾಸಗಟಾಗಿ ಹಿಲರಿ ಅವರ ಕಡೆ. ಗೆಲುವಿನ ಸಾಧ್ಯತೆ ಎಂದವರ ಸಂಖ್ಯೆ ಚಿಕ್ಕದು. ಇದನ್ನು ನೋಡಿ 2008ರ ಮತದಾರನಿಗೆ ಗೆಲುವಿನ ಲೆಕ್ಕಾಚಾರ ಬೇಕಿರಲಿಲ್ಲ ಎಂದು ತೀರ್ಮಾನಿಸುವುದು ಅವಸರವಾದೀತು. ಜಾರ್ಜ್ ಬುಷ್ ಅವರ ಜನಪ್ರಿಯತೆ ಪಾತಾಳಕ್ಕಿಳಿದಿದ್ದ ಆ ವರ್ಷ, ಯಾರನ್ನು ನಿಲ್ಲಿಸಿದರೂ ಗೆಲ್ಲಬಹುದೆಂಬ ಧೈರ್ಯ ಡೆಮಾಕ್ರಾಟರಲ್ಲಿತ್ತು. ಅದರ ಮೇಲೆ, ಸೌತ್ ಕೆರೊಲಿನಾದ ಅನುಭವ ಹೇಳುವಂತೆ, ಆ ಲೆಕ್ಕಾಚಾರ ಮತಗಟ್ಟೆಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಗೆಲ್ಲಬಲ್ಲರು ಎಂಬ ನಂಬಿಕೆ ಬಂದ ಮೇಲೆ ಮತದಾರ ಹೇಳುವುದು ತನಗೆ ಇಷ್ಟವಾದ ಕಾರಣವನ್ನೇ.

ಪ್ರತಿನಿಧಿಗಳ ನಿಲುವೂ ಇದೇ ದಾರಿಯಲ್ಲಿ ಸಾಗಿತು. ನಾಗರಿಕ ಹಕ್ಕುಗಳ ಹೋರಾಟದ ಹಿರಿಯ, ಅಟ್ಲಾಂಟಾದ ಸಂಸದ ಜಾನ್ ಲೂಯಿಸ್ 2007ರಲ್ಲಿ ಹಿಲರಿ ಅವರಿಗೆ ಬೆಂಬಲ ಘೋಷಿಸಿದ್ದರು. ಫೆಬ್ರವರಿ 5ರಂದು ಅವರ ಕ್ಷೇತ್ರದ ಮತದಾರರು ಭಾರೀ ಬಹುಮತದಿಂದ ಒಬಾಮ ಅವರನ್ನು ಆರಿಸಿದಾಗ, ಆ ತಿಂಗಳ ಕೊನೆಗೆ ಲೂಯಿಸ್ ತಮ್ಮ ನಿಲುವು ಬದಲಿಸಿದರು. ಮುಖಂಡರು ಜನರನ್ನು ಹಿಂಬಾಲಿಸಿದ ಅಪರೂಪದ ಪ್ರಸಂಗವಿದು.

<b>ಮತ್ತೆ ಅದೇ ವೆಸ್ಟ್ ವರ್ಜೀನಿಯಾ</b>

ಮೇ ತಿಂಗಳ ಹೊತ್ತಿಗೆ ಒಬಾಮ ಅವರ ಉಮೇದುವಾರಿಕೆ ಬಹುತೇಕ ಖಚಿತವಾಗಿತ್ತು. ಆದರೂ ಮೇ 13ರಂದು ವೆಸ್ಟ್ ವರ್ಜೀನಿಯಾ ಹಿಲರಿ ಅವರಿಗೆ ಶೇ. 67, ಒಬಾಮ ಅವರಿಗೆ ಶೇ. 26 ಮತ ನೀಡಿತು. ಒಂದು ವಾರದ ನಂತರ ಕೆಂಟಕಿಯಲ್ಲಿಯೂ ಇದೇ ಬಗೆಯ ಫಲಿತಾಂಶ. 48 ವರ್ಷಗಳ ಹಿಂದೆ ಕ್ಯಾಥೊಲಿಕ್ ಉಮೇದುವಾರನ ಅಡ್ಡಿ ನಿವಾರಿಸಿದ್ದ ರಾಜ್ಯ ಕಪ್ಪು ಉಮೇದುವಾರನಿಗೆ ಆ ಉಪಕಾರ ಮಾಡಲಿಲ್ಲ. ಮತಗಟ್ಟೆ ಸಮೀಕ್ಷೆಯಲ್ಲಿ ಅಲ್ಲಿನ ಬಿಳಿಯರಲ್ಲಿ ಐವರಲ್ಲಿ ಒಬ್ಬರು ವರ್ಣವೂ ತಮ್ಮ ತೀರ್ಮಾನಕ್ಕೆ ಕಾರಣವೆಂದು ಬಾಯಿಬಿಟ್ಟೇ ಹೇಳಿದರು. ಅಂಥವರ ಮತಗಳಲ್ಲಿ ಶೇ. 80ಕ್ಕೂ ಹೆಚ್ಚು ಹಿಲರಿ ಪಾಲಾದವು. ಇದು ಬರಿಯ ವರ್ಣದ್ವೇಷವೇ? ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ದಾನಿಗಳ ಸಭೆಯಲ್ಲಿ ಒಬಾಮ, ಉದ್ಯೋಗ ಕಳೆದುಕೊಂಡ ಸಣ್ಣ ಊರುಗಳ ಜನ ಕಹಿಯಾಗಿ ಬಂದೂಕಿಗೋ ಧರ್ಮಕ್ಕೋ ಜೋತುಬೀಳುತ್ತಾರೆ ಎಂದು ಆಡಿದ್ದ ಮಾತು ಅಲ್ಲಿನವರಿಗೆ ನಾಟಿತ್ತು. ಅವರ ಪಾದ್ರಿ ಜೆರಮಾಯ ರೈಟ್ ಅವರ ಪ್ರವಚನಗಳ ವಿವಾದವೂ ಆರಿರಲಿಲ್ಲ. ಆದರೆ 2012ರಲ್ಲಿ, ಒಬಾಮ ಅಧ್ಯಕ್ಷರಾಗಿದ್ದಾಗ, ಅದೇ ರಾಜ್ಯದ ಪ್ರಾಥಮಿಕ ಚುನಾವಣೆಯಲ್ಲಿ ಟೆಕ್ಸಾಸ್‌ನ ಸೆರೆಮನೆಯಲ್ಲಿದ್ದ ಕೈದಿಯೊಬ್ಬ ಅವರ ವಿರುದ್ಧ ಶೇ. 41 ಮತ ಗಳಿಸಿದ ಎಂಬುದನ್ನೂ ಮರೆಯುವಂತಿಲ್ಲ.

ಈ ಫಲಿತಾಂಶಗಳನ್ನು ಹಿಡಿದು ಹಿಲರಿ ಪಾಳೆಯ ಕೊನೆಯ ವಾದ ಹೂಡಿತು. ಸುಮಾರು 800 ಮಂದಿ 'ಸೂಪರ್ ಡೆಲಿಗೇಟ್'ಗಳು, ಎಂದರೆ ಯಾವ ಮತಕ್ಕೂ ಬದ್ಧರಲ್ಲದ ಪಕ್ಷದ ಸಂಸದರು, ಗವರ್ನರುಗಳು, ಪದಾಧಿಕಾರಿಗಳು, ಆಗ ನಿರ್ಣಾಯಕರಾಗಿದ್ದರು. ಒಹಾಯೊ, ಪೆನ್ಸಿಲ್ವೇನಿಯಾಗಳ ಬಿಳಿಯ ಕಾರ್ಮಿಕರು ಒಬಾಮ ಅವರಿಗೆ ಮತ ಹಾಕರು, ಹಾಗಾಗಿ ನವೆಂಬರಿನಲ್ಲಿ ಗೆಲ್ಲುವುದು ತಾವೇ ಎಂದು ಹಿಲರಿ ಅವರಿಗೆ ಮನವರಿಕೆ ಮಾಡಿಕೊಡಲು ಯತ್ನಿಸಿದರು. ಕೇಳಿದವರು ಕಡಿಮೆ. ಜೂನ್ 3ರಂದು ಒಬಾಮ ಅಗತ್ಯ ಸಂಖ್ಯೆ ಮುಟ್ಟಿದರು. ಜೂನ್ 7ರಂದು ಹಿಲರಿ ಹಿಂದೆ ಸರಿದು ಅವರನ್ನು ಬೆಂಬಲಿಸಿದರು. ನವೆಂಬರಿನಲ್ಲಿ ಒಬಾಮ ಒಹಾಯೊ, ಪೆನ್ಸಿಲ್ವೇನಿಯಾ ಎರಡನ್ನೂ ಗೆದ್ದರಲ್ಲದೆ, ಡೆಮಾಕ್ರಾಟರಿಗೆ ದಶಕಗಳಿಂದ ದಕ್ಕದ ಇಂಡಿಯಾನಾ, ನಾರ್ತ್ ಕೆರೊಲಿನಾಗಳನ್ನೂ ಸೇರಿಸಿ 365 ಎಲೆಕ್ಟೋರಲ್ ಮತ ಪಡೆದರು. ಮುನಿಸಿಕೊಂಡಿದ್ದ ಹಿಲರಿ ಬೆಂಬಲಿಗರಲ್ಲಿ ಐವರಲ್ಲಿ ನಾಲ್ವರಿಗೂ ಹೆಚ್ಚು ಮಂದಿ ಕೊನೆಗೆ ಅವರಿಗೇ ಮತ ಹಾಕಿದ್ದರು.

ಒಹಾಯೊದಂಥ ರಾಜ್ಯಗಳ ಈ ಉದ್ಯೋಗದ ಸಂಕಟಕ್ಕೂ ಬೆಂಗಳೂರಿಗೂ ಒಂದು ನಂಟಿದೆ. ಹೊರಗುತ್ತಿಗೆ ಅಂದು ಪ್ರಚಾರದ ಸರಕಾಗಿತ್ತು. 2003ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಕಚೇರಿ ತೆರೆಯಲು ನೆರವಾಗಿದ್ದ ಹಿಲರಿ ಅವರನ್ನು ಮೂದಲಿಸಿ, 2007ರ ಜೂನ್‌ನಲ್ಲಿ ಒಬಾಮ ಪಾಳೆಯ ಪಂಜಾಬಿನ ಸಂಸದೆ ಎಂಬರ್ಥದ ಟಿಪ್ಪಣಿ ಹೊರಡಿಸಿತು. ಭಾರತೀಯ ಅಮೆರಿಕನ್ನರು ಸಿಡಿದೆದ್ದ ಮೇಲೆ ಅದು ಮೂರ್ಖ ಪ್ರಮಾದವೆಂದು ಒಬಾಮ ಒಪ್ಪಿಕೊಂಡರು. ಅಧ್ಯಕ್ಷರಾದ ಬಳಿಕ, 2009ರ ಮೇ ತಿಂಗಳಲ್ಲಿ, ಬಫಲೋದಲ್ಲಿ ಉದ್ಯೋಗ ಸೃಷ್ಟಿಸುವುದಕ್ಕಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ಕಡಿಮೆ ತೆರಿಗೆ ಬೀಳುವ ಕಾನೂನನ್ನು ಅವರು ಟೀಕಿಸಿದ್ದು ನಮ್ಮ ಓದುಗರಿಗೆ ನೆನಪಿರಬಹುದು. ಬಿಳಿಯ ಕಾರ್ಮಿಕನ ಮನಸ್ಸನ್ನು ಊಹಿಸುವ ಈ ಆಟದಲ್ಲಿ ಬೆಂಗಳೂರು ಹೀಗೆ ಒಂದು ಕಾಯಿಯಾಯಿತು.

<b>ಊಹೆ ಕೈಕೊಟ್ಟಾಗ</b>

ಪರರ ಮನಸ್ಸನ್ನು ಅಳೆಯುವ ಈ ಲೆಕ್ಕ ಎಷ್ಟೋ ಸಲ ತಪ್ಪಿದೆ. 2004ರಲ್ಲಿ ಇರಾಕ್ ಯುದ್ಧವನ್ನು ಖಂಡಿಸುತ್ತಿದ್ದ ಹೋವರ್ಡ್ ಡೀನ್ ಡೆಮಾಕ್ರಟಿಕ್ ಕಾರ್ಯಕರ್ತರ ಕಣ್ಮಣಿಯಾಗಿದ್ದರು. ಆದರೆ ಬುಷ್ ಅವರನ್ನು ಸೋಲಿಸಲು ವಿಯೆಟ್ನಾಂ ಸಮರದಲ್ಲಿ ಪದಕ ಪಡೆದ ಯೋಧನೇ ಬೇಕೆಂದು ಅಯೋವಾದ ಮತದಾರರು ಲೆಕ್ಕ ಹಾಕಿ ಜಾನ್ ಕೆರಿ ಅವರಿಗೆ ಶೇ. 38 ಬೆಂಬಲ ನೀಡಿದರು, ಡೀನ್ ಶೇ. 18ಕ್ಕೆ ಕುಸಿದರು. ಡೀನ್ ಜತೆ ಓಡಾಡಿದೆ, ಕೆರಿಯನ್ನು ಮದುವೆಯಾದೆ ಎಂಬ ಘೋಷವಾಕ್ಯ ಅಂದು ಅಲ್ಲಿ ಚಾಲ್ತಿಯಲ್ಲಿತ್ತು. ಆ ಮದುವೆ ಫಲಿಸಲಿಲ್ಲ. ಕೆರಿ ಅವರ ಯುದ್ಧಸೇವೆಯೇ ಪ್ರತಿಪಕ್ಷದ ಜಾಹೀರಾತುಗಳ ಗುರಿಯಾಗಿ, ನವೆಂಬರಿನಲ್ಲಿ ಬುಷ್ ಮರು ಆಯ್ಕೆಯಾದರು. ಡೀನ್ ನಿಂತಿದ್ದರೆ ಗೆಲ್ಲುತ್ತಿದ್ದರೆಂದು ಇದರರ್ಥವಲ್ಲ. ಗೆಲ್ಲುವ ಕುದುರೆಯೆಂದು ಬಿರುದು ಪಡೆದದ್ದು ಗೆಲ್ಲಲೇಬೇಕೆಂಬ ನಿಯಮವಿಲ್ಲ, ಅಷ್ಟೆ.

2016 ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ. ಗೆಲ್ಲುವುದು ಅಸಾಧ್ಯವೆಂದು ಪಂಡಿತರೂ ಸ್ವಪಕ್ಷದ ನಾಯಕರೂ ಸಾರಿದ್ದ ಡೊನಾಲ್ಡ್ ಟ್ರಂಪ್ ಅವರನ್ನು ರಿಪಬ್ಲಿಕನ್ ಮತದಾರರು ಆರಿಸಿದರು. ಅನುಭವಿ, ಸುರಕ್ಷಿತ ಎಂದು ಡೆಮಾಕ್ರಾಟರು ಆರಿಸಿದ್ದ ಹಿಲರಿ ಸೋತರು. ಮತದಾರರು ಇದರಿಂದ ಕಲಿತದ್ದೂ ಬೇರೆ ಬೇರೆಯೇ. ರಿಪಬ್ಲಿಕನ್ನರು ಲೆಕ್ಕಾಚಾರವನ್ನೇ ಬದಿಗಿಟ್ಟರು. 2024ರಲ್ಲಿ ನಿಕ್ಕಿ ಹೇಲಿ, ಜೋ ಬೈಡನ್ ಅವರನ್ನು ಟ್ರಂಪ್ ಅವರಿಗಿಂತ ದೊಡ್ಡ ಅಂತರದಲ್ಲಿ ತಾವು ಸೋಲಿಸಬಲ್ಲೆವೆಂದು ಸಮೀಕ್ಷೆಗಳನ್ನು ತೋರಿಸಿ ಊರೂರು ತಿರುಗಿದರು. ಗೆದ್ದದ್ದು ವಾಷಿಂಗ್ಟನ್ ನಗರ ಮತ್ತು ವರ್ಮಾಂಟ್ ಮಾತ್ರ. ಟ್ರಂಪ್ ಗೆಲ್ಲುತ್ತಾರೆಂಬುದರಲ್ಲಿ ಆ ಪಕ್ಷದ ಮತದಾರನಿಗೆ ಸಂಶಯವೇ ಇರಲಿಲ್ಲವಾದ್ದರಿಂದ ಹೇಲಿ ಅವರ ಅಂಕಿಅಂಶ ಯಾರಿಗೂ ಬೇಕಾಗಲಿಲ್ಲ.

ಡೆಮಾಕ್ರಾಟರು ತದ್ವಿರುದ್ಧ ಪಾಠ ಕಲಿತರು. 2020ರ ಮತಗಟ್ಟೆ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ, ತಮ್ಮ ಅಭಿಪ್ರಾಯವನ್ನು ಒಪ್ಪುವವರಿಗಿಂತ ಟ್ರಂಪ್ ಅವರನ್ನು ಸೋಲಿಸಬಲ್ಲವರೇ ಬೇಕೆಂದರು. ಇದಕ್ಕೂ ಮೊದಲು, 2019ರಲ್ಲಿ, ಸಮೀಕ್ಷೆಯೊಂದು ಡೆಮಾಕ್ರಾಟರಿಗೆ ಎರಡು ಪ್ರಶ್ನೆ ಕೇಳಿತ್ತು. ಇಂದೇ ಚುನಾವಣೆಯಾದರೆ ನಿಮ್ಮ ಮತ ಯಾರಿಗೆ ಎಂಬುದಕ್ಕೆ ಮೊದಲ ಸ್ಥಾನ ಬೈಡನ್ ಅವರದು. ಮಂತ್ರದಂಡ ಬೀಸಿ ಯಾರನ್ನಾದರೂ ನೇರವಾಗಿ ಅಧ್ಯಕ್ಷರನ್ನಾಗಿ ಮಾಡಬಹುದಾದರೆ ಯಾರನ್ನು ಎಂಬುದಕ್ಕೆ ಮುಂದೆ ಬಂದವರು ಎಲಿಜಬೆತ್ ವಾರನ್. ಪರರ ಭಯ ಕಳೆದ ಕ್ಷಣ ಆಯ್ಕೆಯೇ ಬದಲಾಗಿತ್ತು. ಹೆಣ್ಣೊಬ್ಬಳು ಟ್ರಂಪ್ ಎದುರು ಮತ್ತೆ ಸೋಲಬಾರದೆಂಬ ಅಂಜಿಕೆ, ಹೆಣ್ಣನ್ನು ಅಧ್ಯಕ್ಷೆಯಾಗಿ ಕಾಣಬಯಸಿದವರ ಕೈಯನ್ನೇ ಹಿಡಿದೆಳೆದಿತ್ತು. ಪೂರ್ವಗ್ರಹವಿಲ್ಲದವನೂ ಹೀಗೆ ಪರರ ಪೂರ್ವಗ್ರಹಕ್ಕೆ ತಲೆಬಾಗುತ್ತಾನೆ. ಈ ಪದ್ಧತಿಯ ಬಹುದೊಡ್ಡ ದೋಷ ಇದು.

ಆ ವರ್ಷವೂ ನಿರ್ಣಯ ಕೊಟ್ಟದ್ದು ಸೌತ್ ಕೆರೊಲಿನಾ. ಅಯೋವಾದಲ್ಲಿ ನಾಲ್ಕನೇ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇ ಸ್ಥಾನಕ್ಕಿಳಿದ ಬೈಡನ್ ಅವರ ಕಥೆ ಮುಗಿಯಿತೆಂದೇ ಎಲ್ಲರೂ ಬಗೆದಿದ್ದರು. ಫೆಬ್ರವರಿ 26ರಂದು ಅಲ್ಲಿನ ಕಪ್ಪು ಸಂಸದ ಜಿಮ್ ಕ್ಲೈಬರ್ನ್, ಜೋ ಅವರನ್ನು ನಾವು ಬಲ್ಲೆವು, ಅದಕ್ಕಿಂತ ಮುಖ್ಯವಾಗಿ ಜೋ ನಮ್ಮನ್ನು ಬಲ್ಲರು ಎಂದು ಬೆಂಬಲ ಸಾರಿದರು. ಮೂರು ದಿನಗಳ ನಂತರ ಬೈಡನ್ ಸುಮಾರು ಶೇ. 49 ಮತ ಪಡೆದರು. ಪೀಟ್ ಬುಟಿಜೆಜ್, ಏಮಿ ಕ್ಲೋಬುಷರ್ ಕೂಡಲೇ ಕಣ ಬಿಟ್ಟರು. ಮಾರ್ಚ್ 3ರಂದು 14 ರಾಜ್ಯಗಳ ಪೈಕಿ ಹತ್ತು ಬೈಡನ್ ಅವರಿಗೆ ಒಲಿದವು. ಕಣದಲ್ಲಿದ್ದ ಕಪ್ಪು ಉಮೇದುವಾರರಾದ ಕಮಲಾ ಹ್ಯಾರಿಸ್, ಕೋರಿ ಬುಕರ್ ಇಬ್ಬರೂ ಮೊದಲ ಮತ ಬೀಳುವ ಮುನ್ನವೇ ಹಿಂದೆ ಸರಿದಿದ್ದರು. 2008ರಲ್ಲಿ ಬಿಳಿಯರು ಯಾರಿಗೆ ಮತ ಹಾಕುತ್ತಾರೆಂದು ಕಾದು ನೋಡಿ ಕಪ್ಪು ಉಮೇದುವಾರನನ್ನು ಆರಿಸಿದ್ದ ಸಮುದಾಯ, ಹನ್ನೆರಡು ವರ್ಷಗಳ ನಂತರ ಅದೇ ಪ್ರಶ್ನೆ ಕೇಳಿಕೊಂಡು ಬಿಳಿಯ ಹಿರಿಯನನ್ನು ಆರಿಸಿತು. ಈ ಸಲ ಲೆಕ್ಕ ಸರಿಯಾಗಿತ್ತು.

ಗ್ಯಾಲಪ್ ಸಂಸ್ಥೆ 1937ರಲ್ಲಿಯೇ ಇಂಥದೊಂದು ಪ್ರಶ್ನೆ ಕೇಳಿತ್ತು: ಉಳಿದೆಲ್ಲ ವಿಷಯದಲ್ಲಿ ಅರ್ಹಳಾಗಿದ್ದರೆ ಹೆಣ್ಣೊಬ್ಬಳಿಗೆ ಅಧ್ಯಕ್ಷ ಸ್ಥಾನಕ್ಕೆ ಮತ ಹಾಕುತ್ತೀರಾ? 'ಉಳಿದೆಲ್ಲ ವಿಷಯದಲ್ಲಿ' ಎಂಬ ಮಾತನ್ನು ಗಮನಿಸಬೇಕು. ಹೌದು ಎಂದವರು ಶೇ. 33. 2007ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ ಕೇಳಿದಾಗ ಮಹಿಳೆಗೆ ಮತ ಹಾಕುವೆವು ಎಂದವರು ಶೇ. 88, ಕಪ್ಪು ವರ್ಣೀಯರಿಗೆ ಶೇ. 94. 72 ವರ್ಷದವರಿಗೆ ಶೇ. 57, ನಾಸ್ತಿಕರಿಗೆ ಶೇ. 45. ಆದರೆ ದೇಶ ಇದಕ್ಕೆ ಸಿದ್ಧವಾಗಿದೆಯೇ ಎಂದು ಬೇರೆ ಸಮೀಕ್ಷೆಗಳು ಕೇಳಿದಾಗಲೆಲ್ಲ ಹೌದು ಎಂದವರ ಪ್ರಮಾಣ ಸಾಕಷ್ಟು ಕೆಳಗಿಳಿಯುತ್ತಿತ್ತು. ಎರಡರ ನಡುವಿನ ಅಂತರವನ್ನು ಎರಡು ಬಗೆಯಲ್ಲಿ ಓದಬಹುದು. ಜನ ತಮ್ಮ ಬಗ್ಗೆ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ನೆರೆಯವರನ್ನು ಅಗತ್ಯಕ್ಕಿಂತ ಹೆಚ್ಚು ಸಂಶಯಿಸುತ್ತಿದ್ದಾರೆ. ಅಯೋವಾ ತೀರ್ಪಿನ ನಂತರ ಎರಡನೆಯ ಓದಿಗೆ ಬಲ ಬಂದದ್ದು ನಿಜ.

2024ರಲ್ಲಿ ಕಮಲಾ ಹ್ಯಾರಿಸ್ ಅವರ ವಿಷಯದಲ್ಲಿ ಈ ಪರೀಕ್ಷೆಯೇ ನಡೆಯಲಿಲ್ಲ. ಜುಲೈ 21ರಂದು ಬೈಡನ್ ಹಿಂದೆ ಸರಿದಾಗ ಪ್ರಾಥಮಿಕ ಚುನಾವಣೆಗಳೆಲ್ಲ ಮುಗಿದಿದ್ದವು. ಪ್ರತಿನಿಧಿಗಳ ಮತದಿಂದಲೇ ಹ್ಯಾರಿಸ್ ಉಮೇದುವಾರರಾದರು. ಯಾವ ಅಯೋವಾವಾಗಲಿ ವೆಸ್ಟ್ ವರ್ಜೀನಿಯಾವಾಗಲಿ ಅವರ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ಹೇಳಿರಲಿಲ್ಲ. ನವೆಂಬರಿನಲ್ಲಿ ಅವರು ಟ್ರಂಪ್ ಎದುರು ಸೋತರು.

ಅಷ್ಟರಲ್ಲಿ ವೇಳಾಪಟ್ಟಿಯೂ ಬದಲಾಗಿತ್ತು. 2020ರಲ್ಲಿ ಫಲಿತಾಂಶ ವರದಿ ಮಾಡುವ ಆ್ಯಪ್ ಕೆಟ್ಟು ಅಯೋವಾ ನಗೆಪಾಟಲಾದ ಮೇಲೆ ಡೆಮಾಕ್ರಟಿಕ್ ಪಕ್ಷ ಅದರ ಮೊದಲ ಸ್ಥಾನವನ್ನು ಕಿತ್ತುಕೊಂಡಿತು. 2024ರಲ್ಲಿ ಪಕ್ಷದ ಅಧಿಕೃತ ಪಟ್ಟಿಯಂತೆ ಮೊದಲು, ಫೆಬ್ರವರಿ 3ರಂದು, ಮತ ಚಲಾಯಿಸಿದ್ದು ಸೌತ್ ಕೆರೊಲಿನಾ. ಅಯೋವಾದ ಡೆಮಾಕ್ರಾಟರು ಆ ವರ್ಷ ವ್ಯಾಯಾಮಶಾಲೆಯ ಮೂಲೆಗಳಲ್ಲಿ ನಿಲ್ಲುವ ಬದಲು ತಮ್ಮ ಆಯ್ಕೆಯನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕಿದರು.